ಇಂಗೆ ಮೈಸೆಲ್: ತಾಯಿಯ ಪಾತ್ರ, ಅದಕ್ಕೂ ಮುಂಚಿನ ಹನ್ನೆರಡು ವರ್ಷ

ನಟಿ ಇಂಗೆ ಮೈಸೆಲ್ ಅನ್ನುವ ಹೆಸರು ಎತ್ತಿದರೆ ಜರ್ಮನಿಯ ಹಿರಿಯರ ಬಾಯಲ್ಲಿ ಮೊದಲು ಬರುವುದು ಒಂದು ಬಿರುದು: ‘ಮುಟ್ಟರ್ ಡೇರ್ ನಾಟ್ಸಿಯೋನ್’, ದೇಶಕ್ಕೆಲ್ಲ ತಾಯಿ. ಪಶ್ಚಿಮ ಜರ್ಮನಿಯ ಮನೆಮನೆಗೆ ಟೆಲಿವಿಷನ್ ಬಂದ ಕಾಲದಲ್ಲಿ ತಾಯಿಯ ಪಾತ್ರವೆಂದರೆ ಅವರದೇ ಮುಖ ಕಣ್ಣಮುಂದೆ ಬರುತ್ತಿತ್ತು. ಅವರು ಹುಟ್ಟಿದ್ದು 1910ರ ಮೇ 30, ತೀರಿಕೊಂಡದ್ದು 2004ರ ಜುಲೈ 10. ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ತಾಯಿ ಎಂದು ಕರೆದ ಆ ದೇಶವೇ 1933ರಿಂದ 1945ರವರೆಗೆ ಅವರನ್ನು ರಂಗ ಹತ್ತಲು ಬಿಟ್ಟಿರಲಿಲ್ಲ.

ಈ ಎರಡು ಸಂಗತಿಗಳನ್ನು ಜೀವನಚರಿತ್ರೆಗಳಲ್ಲಿ ಸಾಮಾನ್ಯವಾಗಿ ಬೇರೆ ಬೇರೆ ಅಧ್ಯಾಯಗಳಲ್ಲಿ ಓದುತ್ತೇವೆ. ಇಲ್ಲಿ ಅವನ್ನು ಜೊತೆಗಿಟ್ಟು ನೋಡೋಣ. ಆ ಹನ್ನೆರಡು ವರ್ಷ ಕೈಬಿಟ್ಟು ಹೋಗದಿದ್ದರೆ ಮೈಸೆಲ್ ಬೇರೆಯೇ ಬಗೆಯ ನಟಿಯಾಗಿರುತ್ತಿದ್ದರು. ಇದನ್ನು ಒಪ್ಪಬೇಕಾದರೆ ಜರ್ಮನ್ ರಂಗಭೂಮಿಯ ಒಂದು ಹಳೆಯ ಪದ್ಧತಿ ಗೊತ್ತಿರಬೇಕು.

ಅಲ್ಲಿ ಬಹುಪಾಲು ನಾಟಕ ಮಂದಿರಗಳು ನಗರಸಭೆಯವು ಅಥವಾ ಸರ್ಕಾರದವು. ನಟರು ಒಂದೊಂದು ಋತುವಿಗೆ ಸಂಬಳದ ಮೇಲೆ ಕೆಲಸಕ್ಕೆ ಸೇರುತ್ತಿದ್ದರು. ಸೇರುವಾಗ ಒಪ್ಪಂದದಲ್ಲಿ ಅವರ ‘ಫಾಖ್’ ಯಾವುದೆಂದು ಬರೆಯುತ್ತಿದ್ದರು. ಫಾಖ್ ಎಂದರೆ ಪಾತ್ರದ ವರ್ಗ. ಹೆಂಗಸರಿಗೆ ಮುಗ್ಧ ಹುಡುಗಿ, ಭಾವುಕ ತರುಣಿ, ನಾಯಕಿ, ಗಂಭೀರ ತಾಯಿ, ಹಾಸ್ಯದ ಮುದುಕಿ ಹೀಗೆ. ಒಂದು ಊರಿನ ತಂಡದಲ್ಲಿ ಪ್ರತಿ ವರ್ಗಕ್ಕೂ ಒಬ್ಬರೋ ಇಬ್ಬರೋ ಇದ್ದರೆ ಹೊಸ ನಾಟಕಕ್ಕೆ ಪಾತ್ರ ಹಂಚುವುದು ಅರ್ಧ ದಿನದ ಕೆಲಸ. ನಟಿಯೊಬ್ಬಳು ಇಪ್ಪತ್ತರ ಹರೆಯದಲ್ಲಿ ಮುಗ್ಧ ಹುಡುಗಿಯಾಗಿ ಸೇರಿ, ನಾಯಕಿಯಾಗಿ ಬೆಳೆದು, ಮೂವತ್ತು ದಾಟಿದ ಮೇಲೆ ಎಂದೋ ಒಂದು ದಿನ ತಾಯಿಯ ಪಾತ್ರಕ್ಕೆ ಇಳಿಯುತ್ತಾಳೆ. ಅಷ್ಟರಲ್ಲಿ ಹೆಸರು ಮಾಡಿದ್ದರೆ ಪ್ರೇಕ್ಷಕರು ಅವಳ ಬೆನ್ನಿಗೇ ಬರುತ್ತಾರೆ. ಹೆಸರು ಮಾಡಿರದಿದ್ದರೆ ಸಿಗುವುದು ಅಡುಗೆಯವಳ, ಪಕ್ಕದ ಮನೆಯವಳ ನಾಲ್ಕು ಮಾತಿನ ಪಾತ್ರ. ಮೈಸೆಲ್ ಅವರ ಪಾಲಿಗೆ ಮೊದಲ ಎರಡು ಮೆಟ್ಟಿಲು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ಹುಟ್ಟಿದ ಊರು ಬರ್ಲಿನ್ನಿಗೆ ಅಂಟಿಕೊಂಡಿದ್ದ ರಿಕ್ಸ್‌ಡೋರ್ಫ್. ಎರಡು ವರ್ಷದ ನಂತರ ಅದರ ಹೆಸರು ನೊಯ್‌ಕೊಲ್ನ್ ಆಯಿತು, ಮುಂದೆ ಬರ್ಲಿನ್ನಿನಲ್ಲೇ ಸೇರಿತು. ತಂದೆ ಯೂಲಿಯುಸ್ ಮೈಸೆಲ್ ಯಹೂದಿ, ತಂಬಾಕಿನ ಸಗಟು ವ್ಯಾಪಾರಿ. ತಾಯಿ ಡೆನ್ಮಾರ್ಕಿನವರು. ಶಾಲೆಯನ್ನು ಪೂರ್ತಿ ಮುಗಿಸದೆ ಮಗಳು ನಟನೆ ಕಲಿಯಲು ಹೊರಟಳು. ಗುರುಗಳು ಇಲ್ಕಾ ಗ್ರುನಿಂಗ್ ಮತ್ತು ಲೂಸಿ ಹೋಫ್ಲಿಷ್, ಇಬ್ಬರೂ ಬರ್ಲಿನ್ ರಂಗಭೂಮಿಯ ದೊಡ್ಡ ಹೆಸರುಗಳು. ಇಲ್ಕಾ ಗ್ರುನಿಂಗ್ ಕೂಡ ಯಹೂದಿ. ಮುಂದೆ ಅಮೆರಿಕಕ್ಕೆ ವಲಸೆ ಹೋಗಿ ಹಾಲಿವುಡ್ ಚಿತ್ರಗಳಲ್ಲಿ ಸಣ್ಣಪುಟ್ಟ ಅಜ್ಜಿಯ ಪಾತ್ರ ಮಾಡುತ್ತ ಉಳಿದರು. ಕಲಿಸಿದವರು ಒಂದು ಖಂಡ ದಾಟಿದರು. ಕಲಿತವಳಿಗೆ ತನ್ನ ದೇಶದಲ್ಲೇ ಬಾಗಿಲು ಮುಚ್ಚಿತು.

1930ರಲ್ಲಿ ಸ್ಯಾಕ್ಸನಿಯ ತ್ಸ್ವಿಕೌ ಎಂಬ ಊರಲ್ಲಿ ಮೊದಲ ಪಾತ್ರ. ಆಮೇಲೆ ಲೈಪ್‌ಜಿಗ್, ಬರ್ಲಿನ್ನಿನ ರೆನೆಸಾನ್ಸ್ ಥಿಯೇಟರ್. ಒಟ್ಟು ಮೂರು ವರ್ಷ, ಅಷ್ಟೆ.

ಬಾಗಿಲು ಹೇಗೆ ಮುಚ್ಚಿತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ‘ನಾಜಿಗಳು ನಿಷೇಧಿಸಿದರು’ ಎಂದು ಒಂದೇ ಸಾಲಿನಲ್ಲಿ ಹೇಳಿದರೆ ಅದರ ಕಾರ್ಯವಿಧಾನ ಕಾಣುವುದಿಲ್ಲ. 1933ರ ಸೆಪ್ಟೆಂಬರ್ 22ರಂದು ಒಂದು ಕಾನೂನು ಬಂತು. ಅದರಂತೆ ಸಂಸ್ಕೃತಿಗೆ ಸಂಬಂಧಿಸಿದ ಏಳು ಮಂಡಳಿಗಳ ವ್ಯವಸ್ಥೆ ಬಂತು: ರಂಗಭೂಮಿ, ಸಿನಿಮಾ, ಸಂಗೀತ, ಸಾಹಿತ್ಯ, ಪತ್ರಿಕೆ, ರೇಡಿಯೊ, ಚಿತ್ರಕಲೆ. ಏಳಕ್ಕೂ ಮೇಲೆ ನಾಜಿ ಪ್ರಚಾರ ಸಚಿವ ಗೊಬೆಲ್ಸ್. ರಂಗಭೂಮಿ ಮಂಡಳಿಯ ಸದಸ್ಯತ್ವವಿಲ್ಲದವರನ್ನು ಯಾವ ನಾಟಕ ಮಂದಿರವೂ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಸದಸ್ಯತ್ವ ಬೇಕಾದರೆ ವಂಶದ ದಾಖಲೆ ಒಪ್ಪಿಸಬೇಕು. ಅಂದರೆ ಪ್ರತಿ ನಟಿಯನ್ನು ಹುಡುಕಿ ಹುಡುಕಿ ನಿಷೇಧಿಸುವ ಅಗತ್ಯವೇ ಇರಲಿಲ್ಲ. ಒಂದು ಚೀಟಿ ಕೊಡದಿದ್ದರೆ ಸಾಕು, ಉಳಿದದ್ದನ್ನು ನಾಟಕ ಮಂದಿರದ ಕಚೇರಿಯೇ ಮಾಡುತ್ತಿತ್ತು. 1935ರ ನ್ಯೂರೆಂಬರ್ಗ್ ಜನಾಂಗ ಕಾನೂನುಗಳ ಬೆನ್ನಲ್ಲೇ ಬಂದ ವರ್ಗೀಕರಣದಲ್ಲಿ, ಅಜ್ಜ ಅಜ್ಜಿಯರಲ್ಲಿ ಇಬ್ಬರು ಯಹೂದಿಗಳಾಗಿದ್ದವರನ್ನು ‘ಮೊದಲ ದರ್ಜೆಯ ಮಿಶ್ರ ರಕ್ತದವರು’ ಎಂದು ಗುರುತಿಸಿದರು. ಮೈಸೆಲ್ ಆ ಪಟ್ಟಿಗೆ ಸೇರಿದರು.

ಮೊದಲ ಗಂಡ ಹೆಲ್ಮುಟ್ ರುಡಾಲ್ಫ್ ಕೂಡ ನಟ. ಅವರ ಜೊತೆ ಮೈಸೆಲ್ ಡಾನ್ಸಿಗ್‌ಗೆ ಹೋದರು, ಈಗಿನ ಪೋಲೆಂಡಿನ ಗ್ದಾನ್ಸ್ಕ್. ಅಲ್ಲಿ ಟೆಲಿಫೋನ್ ಆಪರೇಟರ್ ಆಗಿ ದುಡಿದರು, ತಾಂತ್ರಿಕ ನಕ್ಷೆ ಬರೆಯುವುದನ್ನೂ ಕಲಿತರು. ಆಮೇಲೆ ಹ್ಯಾಂಬರ್ಗ್. ತಂದೆಯ ಆಸ್ತಿಯನ್ನು ಕಿತ್ತುಕೊಂಡಿದ್ದರು. ತಂದೆ ನೆಲಮಾಳಿಗೆಯಲ್ಲಿ ಅಡಗಿ ಬದುಕುಳಿದರು. ನಟನೆಯೆಂಬುದು ದಿನಾ ಬಳಸಿದರಷ್ಟೇ ಉಳಿಯುವ ವಿದ್ಯೆ. ಧ್ವನಿ, ಉಸಿರು, ಮಾತು ನೆನಪಿಡುವ ಅಭ್ಯಾಸ, ಎದುರಿನವರ ಮಾತಿಗೆ ಸರಿಯಾದ ಕ್ಷಣದಲ್ಲಿ ತಿರುಗುವ ಚುರುಕು, ಎಲ್ಲವೂ ಬಿಟ್ಟರೆ ಜಂಗು ಹಿಡಿಯುತ್ತವೆ. ಹನ್ನೆರಡು ವರ್ಷ ಬಿಟ್ಟವರು ತಿರುಗಿ ಬರುವುದು ಅಪರೂಪ.

1945ರಲ್ಲಿ ಹ್ಯಾಂಬರ್ಗಿನ ಟಾಲಿಯಾ ಥಿಯೇಟರಿನ ಹೊಣೆ ಹೊತ್ತವರು ವಿಲ್ಲಿ ಮೇರ್ಟೆನ್ಸ್. ಅವರ ಹೆಂಡತಿ, ನಟಿ ಷಾರ್ಲೊಟ್ಟೆ ಕ್ರಾಮ್ ಯಹೂದಿ. ನಾಜಿ ಕಾಲದುದ್ದಕ್ಕೂ ಮೇರ್ಟೆನ್ಸ್ ಆಕೆಯನ್ನು ಬಿಟ್ಟುಕೊಟ್ಟಿರಲಿಲ್ಲ. ಮೈಸೆಲ್ ಅವರನ್ನು ಕರೆದು ತಂಡಕ್ಕೆ ಸೇರಿಸಿಕೊಂಡದ್ದು ಈ ಮೇರ್ಟೆನ್ಸ್. ಆಗ ಮೈಸೆಲ್ ಅವರಿಗೆ 35. ಮುಗ್ಧ ಹುಡುಗಿಯ ಪಾತ್ರಕ್ಕೆ ವಯಸ್ಸು ದಾಟಿತ್ತು, ನಾಯಕಿಯ ಪಾತ್ರ ಕೇಳಲು ಹಿಂದೆ ಹೆಸರಿರಲಿಲ್ಲ. ಹತ್ತು ವರ್ಷ ಆ ತಂಡದಲ್ಲಿ ದುಡಿದರು. ಜೊತೆಗೆ ಡಬ್ಬಿಂಗ್. ಬ್ರಿಟಿಷರ ಆಡಳಿತದಲ್ಲಿದ್ದ ಹ್ಯಾಂಬರ್ಗಿಗೆ ಇಂಗ್ಲಿಷ್ ಚಿತ್ರಗಳು ಬಹಳ ಬರುತ್ತಿದ್ದವು. ಆಗಿನ ಡಬ್ಬಿಂಗ್‌ನಲ್ಲಿ ಚಿತ್ರವನ್ನು ಒಂದೆರಡು ಮಾತಿನ ತುಂಡುಗಳಾಗಿ ಕತ್ತರಿಸಿ, ತುದಿಗೆ ತುದಿ ಅಂಟಿಸಿ, ಸುತ್ತುತ್ತಲೇ ಇರುವಂತೆ ಪ್ರೊಜೆಕ್ಟರಿಗೆ ಹಾಕುತ್ತಿದ್ದರು. ತುಟಿಗೆ ಮಾತು ಕೂಡುವವರೆಗೆ ಅದೇ ತುಂಡು ತಿರುಗುತ್ತದೆ. ಬರಿಯ ದನಿಯಿಂದ ಮುಖವನ್ನು ಕಟ್ಟುವ ಈ ಅಭ್ಯಾಸ ಟೆಲಿವಿಷನ್ನಿಗೆ ಹೋದ ಎಷ್ಟೋ ರಂಗನಟರ ಕೈಹಿಡಿದಿದೆ. 1950ರ ದಶಕದಲ್ಲಿ ಸಿನಿಮಾ ಪಾತ್ರಗಳೂ ಬಂದವು, ಮನೆಕೆಲಸದವಳು, ಯಾರದೋ ಹೆಂಡತಿ. ಎಲ್ಲ ಸಣ್ಣವೇ.

ಇಲ್ಲಿ ಟೆಲಿವಿಷನ್ ಕಥೆಯೊಳಗೆ ಬರುತ್ತದೆ. ಹ್ಯಾಂಬರ್ಗಿನಲ್ಲಿ ಮೊದಲ ಪ್ರಯೋಗಗಳು ನಡೆದದ್ದು ಹೈಲಿಗೆನ್‌ಗೈಸ್ಟ್‌ಫೆಲ್ಡ್ ಮೈದಾನದಲ್ಲಿ ಬಾಂಬ್ ದಾಳಿಯಿಂದ ರಕ್ಷಣೆಗೆ ಕಟ್ಟಿದ್ದ ಬಂಕರ್ ಒಳಗೆ. ಕಾಂಕ್ರೀಟ್ ಗೋಡೆ ದಪ್ಪವಿದ್ದುದರಿಂದ ಹೊರಗಿನ ಸದ್ದು ಬರುತ್ತಿರಲಿಲ್ಲ. 1952ರ ಡಿಸೆಂಬರ್ 25ರಂದು ನಿಯಮಿತ ಪ್ರಸಾರ ಶುರು. 1953ರಲ್ಲಿ ಲೋಕ್‌ಸ್ಟೆಟ್‌ನ ಹೊಸ ಸ್ಟುಡಿಯೊ. 1957ರ ಶರತ್ಕಾಲಕ್ಕೆ ನೋಂದಾಯಿತ ಸೆಟ್ಟುಗಳ ಸಂಖ್ಯೆ 10 ಲಕ್ಷ ಮುಟ್ಟಿತು. ಎರಡನೆಯ ರಾಷ್ಟ್ರೀಯ ವಾಹಿನಿ ಝಡ್‌ಡಿಎಫ್ ಪ್ರಸಾರ ಆರಂಭಿಸಿದ್ದು 1963ರ ಏಪ್ರಿಲ್ 1ರಂದು, ಖಾಸಗಿ ವಾಹಿನಿಗಳು 1984ರಲ್ಲಿ. ದೂರದರ್ಶನ ಒಂದೇ ಇದ್ದ ಕಾಲ ಕಂಡವರಿಗೆ, ಆಗ ಒಂದು ನಾಟಕದ ಪಾತ್ರ ಊರಿಡೀ ಹೇಗೆ ಮಾತಾಗುತ್ತಿತ್ತು ಎಂದು ವಿವರಿಸಬೇಕಿಲ್ಲ.

ಆ ಮೊದಲ ವರ್ಷಗಳ ಟೆಲಿವಿಷನ್ ನಾಟಕ ನೇರ ಪ್ರಸಾರ. ವಾರಗಟ್ಟಲೆ ಅಭ್ಯಾಸ ನಡೆಯುವುದು ಖಾಲಿ ಹಾಲಿನಲ್ಲಿ. ಗೋಡೆ, ಬಾಗಿಲು, ಮೇಜು ಎಲ್ಲಿ ಬರುತ್ತವೆಂದು ನೆಲದ ಮೇಲೆ ಪಟ್ಟಿ ಅಂಟಿಸಿರುತ್ತಾರೆ. ಪ್ರಸಾರದ ದಿನ ಸ್ಟುಡಿಯೊದಲ್ಲಿ ಮೂರ್ನಾಲ್ಕು ಕ್ಯಾಮೆರಾ, ಉದ್ದನೆಯ ಕೋಲಿಗೆ ಕಟ್ಟಿದ ಮೈಕು, ಮೇಲಿನ ಗಾಜಿನ ಕೋಣೆಯಲ್ಲಿ ನಿರ್ದೇಶಕ. ಯಾವ ಕ್ಯಾಮೆರಾದ ಚಿತ್ರ ಹೋಗಬೇಕೆಂದು ಅವರು ಆ ಕ್ಷಣದಲ್ಲೇ ಆರಿಸುತ್ತಾರೆ. ರಂಗಭೂಮಿಯಿಂದ ಬಂದವರು ಎಡವುತ್ತಿದ್ದ ಕಡೆಗಳು ಹೆಚ್ಚುಕಡಿಮೆ ಒಂದೇ. ಕೊನೆಯ ಸಾಲಿಗೆ ಕೇಳಿಸುವಂತೆ ದನಿ ಎತ್ತಿದರೆ ಒಂದೂವರೆ ಮೀಟರ್ ಮೇಲಿರುವ ಮೈಕಿನಲ್ಲಿ ಶಬ್ದ ಒಡೆಯುತ್ತದೆ. ಗುರುತಿಟ್ಟ ಜಾಗಕ್ಕಿಂತ ಒಂದು ಹೆಜ್ಜೆ ಆಚೆ ನಿಂತರೆ ಮುಖದ ಫೋಕಸ್ ಹೋಗುತ್ತದೆ, ಇಲ್ಲವೇ ಮೈಕಿನ ನೆರಳು ಹಣೆಯ ಮೇಲೆ ಬೀಳುತ್ತದೆ. ಮನೆಯ ಸೆಟ್ಟಿನ ಪರದೆ ಕರ್ಣದಲ್ಲಿ ಅರ್ಧ ಮೀಟರಿನ ಆಸುಪಾಸು. ಅದರಲ್ಲಿ ಇಡೀ ಕೋಣೆ ತೋರಿಸಿದರೆ ಮನುಷ್ಯರು ಬೆರಳಿನಷ್ಟಾಗುತ್ತಾರೆ, ಹಾಗಾಗಿ ಕ್ಯಾಮೆರಾ ಮುಖಕ್ಕೇ ಬರಬೇಕು. ಮುಖಕ್ಕೆ ಬಂದ ಕ್ಯಾಮೆರಾದ ಮುಂದೆ ರಂಗದ ಹುಬ್ಬೇರಿಸುವಿಕೆ ಅತಿಯಾಗಿ ಕಾಣುತ್ತದೆ. ಮಾತಾಡುವುದಕ್ಕಿಂತ ಕೇಳುವುದು ಇಲ್ಲಿ ದೊಡ್ಡ ಕೆಲಸ. ಎದುರಿನವರು ಮಾತಾಡುವಾಗ ಮೈಸೆಲ್ ಮುಖದಲ್ಲಿ ಆಗುತ್ತಿದ್ದುದನ್ನು ನೋಡಬೇಕು: ಉತ್ತರ ಸಿದ್ಧವಾಗಿದೆ, ತುಟಿ ಅದನ್ನು ತಡೆಹಿಡಿದಿದೆ. ಅವರ ಅಭಿನಯದ ಅರ್ಧ ಪಾಲು ಅಲ್ಲೇ ಇದೆ.

1950ರ ದಶಕದ ಕೊನೆಗೆ ದೃಶ್ಯವನ್ನು ಟೇಪಿನ ಮೇಲೆ ಹಿಡಿಯುವ ಯಂತ್ರ ಬಂತು. ಇದರಿಂದ ನಟರಿಗೆ ತಪ್ಪು ತಿದ್ದುವ ಸ್ವಾತಂತ್ರ್ಯ ಸಿಕ್ಕಿತೆಂದು ತಿಳಿದರೆ ಅರ್ಧ ಸತ್ಯ. ಟೇಪು ಐದು ಸೆಂಟಿಮೀಟರ್ ಅಗಲ, ಸೆಕೆಂಡಿಗೆ ಸುಮಾರು 40 ಸೆಂಟಿಮೀಟರ್ ಓಡುತ್ತದೆ. ಒಂದು ಗಂಟೆಗೆ 1,400 ಮೀಟರಿಗಿಂತ ಹೆಚ್ಚು ಬೇಕು. ಕತ್ತರಿಸಬೇಕಾದರೆ ಸಣ್ಣ ಕಬ್ಬಿಣದ ಪುಡಿ ಕಲಸಿದ ದ್ರವವನ್ನು ಟೇಪಿಗೆ ಹಚ್ಚಿ, ಕಣ್ಣಿಗೆ ಕಾಣದ ಗೆರೆಗಳು ಮೂಡಿದ ಮೇಲೆ ಭೂತಗನ್ನಡಿಯಿಂದ ಚೌಕಟ್ಟಿನ ಸಂಧಿ ಹುಡುಕಿ, ಅಲ್ಲಿಯೇ ಬ್ಲೇಡು ಇಡಬೇಕು. ಕೂದಲೆಳೆಯಷ್ಟು ತಪ್ಪಿದರೆ ಪ್ರಸಾರದಲ್ಲಿ ಚಿತ್ರ ಜಾರುತ್ತದೆ. ಇನ್ನೊಂದು ತೊಡಕು: ಧ್ವನಿ ಓದುವ ತಲೆ ಚಿತ್ರದ ತಲೆಯಿಂದ ಒಂದು ಗೇಣು ದೂರದಲ್ಲಿರುತ್ತದೆ. ಹಾಗಾಗಿ ಕತ್ತರಿ ಬಿದ್ದಲ್ಲಿ ಚಿತ್ರಕ್ಕೂ ಮಾತಿಗೂ ಅರ್ಧ ಸೆಕೆಂಡಿಗೂ ಹೆಚ್ಚಿನ ಅಂತರ. ಕತ್ತರಿಸುವ ಜಾಗದಲ್ಲಿ ಯಾರೂ ಮಾತಾಡದಂತೆ ಮೊದಲೇ ಯೋಜಿಸಬೇಕು. ಇಷ್ಟು ಕಷ್ಟವಿದ್ದುದರಿಂದ ದೃಶ್ಯಗಳನ್ನು ಉದ್ದುದ್ದವಾಗಿಯೇ ಒಂದೇ ಉಸಿರಿಗೆ ಆಡಿ ಮುಗಿಸುತ್ತಿದ್ದರು. ರಂಗದ ಮೇಲೆ ದುಡಿದ ಗಟ್ಟಿ ನೆನಪಿನ ನಟರಿಗೆ ಬೆಲೆ ಉಳಿದದ್ದು ಇದರಿಂದ.

ಬಿರುದು ಬಂದದ್ದು ಮಾತ್ರ ನಾಟಕದಿಂದಲೇ. 1959ರಲ್ಲಿ ಬರ್ಲಿನ್ನಿನ ಹೆಬ್ಬೆಲ್ ಥಿಯೇಟರಿನಲ್ಲಿ ಕುರ್ಟ್ ಫ್ಲಾಟೋ, ಹೋರ್ಸ್ಟ್ ಪಿಲ್ಲೌ ಬರೆದ ‘ದಾಸ್ ಫೆನ್‌ಸ್ಟರ್ ತ್ಸುಮ್ ಫ್ಲೂರ್’, ಅಂದರೆ ‘ಹಜಾರದ ಕಡೆಯ ಕಿಟಕಿ’. ಮೈಸೆಲ್ ಅವರದು ಕಟ್ಟಡದ ಕಾವಲಿನ ಹೆಂಗಸು ಆನಿ ವೀಸ್ನರ್ ಪಾತ್ರ, ಗಂಡನಾಗಿ ರುಡಾಲ್ಫ್ ಪ್ಲಾಟ್ಟೆ. ಮಕ್ಕಳು ತನಗಿಂತ ಮೇಲಕ್ಕೆ ಹತ್ತಬೇಕೆಂದು ಹಟ ಹಿಡಿದು, ಆ ಹಟದಿಂದಲೇ ಅವರ ಬಾಳಿನಲ್ಲಿ ಕೈಯಾಡಿಸುವ ತಾಯಿ. ಬರ್ಲಿನ್ನಿನ ಆಡುಮಾತಿನಲ್ಲಿ ‘ಇಷ್’ ಎಂಬುದು ‘ಇಕ್’, ‘ದಾಸ್’ ಎಂಬುದು ‘ದೆಟ್’, ‘ಗುಟ್’ ಎಂಬುದು ‘ಯುಟ್’. ಇದೇ ಮಾತಿನ ನಡುವೆ ಹುಟ್ಟಿ ಬೆಳೆದ ಮೈಸೆಲ್ ಅವರಿಗೆ ಇದನ್ನು ಕಲಿಯಬೇಕಾಗಿರಲಿಲ್ಲ, ಹದ ಮಾಡಬೇಕಾಗಿತ್ತು: ಮ್ಯೂನಿಕ್‌ನವರಿಗೂ ತಿಳಿಯಬೇಕು, ಬರ್ಲಿನ್ನಿನವರಿಗೂ ನಕಲಿ ಅನ್ನಿಸಬಾರದು. ಆಗ ಅವರಿಗೆ 49. ಮೊದಲ ಸಲ ಒಂದು ನಾಟಕ ಅವರ ಹೆಗಲ ಮೇಲೆ ನಿಂತಿತ್ತು. ಬರ್ಲಿನ್ನಿನ ಪತ್ರಿಕಾಲೋಕ ಕೊಟ್ಟ ‘ದೇಶದ ತಾಯಿ’ ಎಂಬ ಹೆಸರು ಕೊನೆಯವರೆಗೂ ಅಂಟಿತು.

ಆರು ವರ್ಷದ ನಂತರ ಆ ಹೆಸರಿಗೆ ತಕ್ಕ ಮನೆ ಸಿಕ್ಕಿತು. 1965ರ ಮೇ 9, ಭಾನುವಾರ, ತಾಯಂದಿರ ದಿನ. ‘ದೀ ಉನ್‌ಫೆರ್‌ಬೆಸ್ಸರ್‌ಲಿಷನ್’, ಅಂದರೆ ‘ತಿದ್ದಲಾಗದವರು’. ಬರೆದವರು ರಾಬರ್ಟ್ ಸ್ಟ್ರೋಂಬರ್ಗರ್, ನಿರ್ದೇಶನ ಕ್ಲೌಸ್ ಪೀಟರ್ ವಿಟ್, ನಿರ್ಮಾಣ ಹ್ಯಾಂಬರ್ಗಿನ ಪ್ರಸಾರ ಸಂಸ್ಥೆ ಎನ್‌ಡಿಆರ್. ಮೈಸೆಲ್ ಕೇಟೆ ಶೋಲ್ಟ್ಸ್, ಯೋಸೆಫ್ ಓಫೆನ್‌ಬಾಖ್ ಆಕೆಯ ಗಂಡ ಕುರ್ಟ್, ಆಗ್ನೆಸ್ ವಿಂಡೆಕ್ ಅಜ್ಜಿ. ಇಂದಿನ ಧಾರಾವಾಹಿಗಳಿಗೆ ಹೋಲಿಸಿದರೆ ಇದರ ವೇಳಾಪಟ್ಟಿ ನಂಬಲಾಗದ್ದು: ವರ್ಷಕ್ಕೆ ಒಂದು ಕಂತು, ತಾಯಂದಿರ ದಿನದಂದು. 1971ರ ಮೇ 9ರವರೆಗೆ ಏಳು ವರ್ಷ, ಏಳು ಕಂತು.

ಈ ಅಂತರದಿಂದ ಆದ ಲಾಭ ಸಣ್ಣದಲ್ಲ. ಬರಹಗಾರನಿಗೆ ಪ್ರತಿ ಕಂತಿಗೂ ಒಂದು ವರ್ಷ. ಪಾತ್ರಗಳು ನೋಡುವವರ ಜೊತೆಗೇ ಒಂದೊಂದು ವರ್ಷ ದೊಡ್ಡವರಾಗುತ್ತಾರೆ; ಬಣ್ಣ ಬಳಿದು ವಯಸ್ಸು ತರಬೇಕಿಲ್ಲ. ಕಳೆದ ಮೇ ತಿಂಗಳಲ್ಲಿ ಜಗಳವಾಡಿ ಮನೆ ಬಿಟ್ಟ ಮಗ ಈಗ ಹೇಗಿದ್ದಾನೆಂದು ತಿಳಿಯಲು ನಿಜಕ್ಕೂ ಒಂದು ವರ್ಷ ಕಾಯಬೇಕು, ಸಂಬಂಧಿಕರ ಸುದ್ದಿಗೆ ಕಾದ ಹಾಗೆ. ಕಥೆ ದೊಡ್ಡದೇನಲ್ಲ: ಸಂಬಳ, ಸಾಲ, ಮಕ್ಕಳ ಮದುವೆ, ಮುಚ್ಚಿಟ್ಟ ಗುಟ್ಟು. ಕೇಟೆ ಒಳ್ಳೆಯವಳೇ, ಆದರೆ ಯಾರನ್ನೂ ಅವರ ಪಾಡಿಗೆ ಬಿಡುವುದಿಲ್ಲ. ಮೈಸೆಲ್ ಆಕೆಯ ಅಧಿಕಾರದ ಹಪಾಹಪಿಯನ್ನು ಮರೆಮಾಚದೆ ಆಡಿದರು; ತಾಯಿಯನ್ನು ದೇವರಾಗಿಸಲಿಲ್ಲ.

ತಾಯಂದಿರ ದಿನ ಎಂಬುದಕ್ಕೆ ಜರ್ಮನಿಯಲ್ಲಿ ಒಂದು ಹಿನ್ನೆಲೆಯಿದೆ, ಅದನ್ನು ಮರೆತು ಈ ಏಳು ಕಂತುಗಳ ಬಗ್ಗೆ ಮಾತಾಡುವುದು ಸರಿಯಲ್ಲ. ಅದನ್ನು 1920ರ ದಶಕದಲ್ಲಿ ಅಲ್ಲಿ ಹಬ್ಬಿಸಿದವರು ಹೂವಿನ ವ್ಯಾಪಾರಿಗಳ ಸಂಘದವರು. ನಾಜಿಗಳು ಅದನ್ನು ತಮ್ಮ ಹಬ್ಬ ಮಾಡಿಕೊಂಡರು. 1938ರ ಡಿಸೆಂಬರಿನಲ್ಲಿ ‘ಮಾತೃ ಶಿಲುಬೆ’ ಎಂಬ ಪದಕ ತಂದರು: ನಾಲ್ಕು ಮಕ್ಕಳಾದರೆ ಕಂಚು, ಆರಕ್ಕೆ ಬೆಳ್ಳಿ, ಎಂಟಕ್ಕೆ ಚಿನ್ನ. ‘ಶುದ್ಧ ರಕ್ತದ’ ತಾಯಂದಿರಿಗೆ ಮಾತ್ರ. ಮೂವತ್ತು ವರ್ಷವೂ ಕಳೆಯುವ ಮೊದಲು ಅದೇ ದಿನದ ಸಂಜೆ ಇಡೀ ದೇಶ ತನ್ನ ತಾಯಿಯೆಂದು ಕಾದು ಕೂತು ನೋಡಿದ್ದು, ಆ ಲೆಕ್ಕದಲ್ಲಿ ತಾಯಿಯಾಗುವ ಯೋಗ್ಯತೆಯೇ ಇಲ್ಲದ ಹೆಂಗಸೊಬ್ಬಳನ್ನು.

1965ರಲ್ಲಿ ಇನ್ನೊಂದು ನಡೆಯಿತು. ಎರಡನೆಯ ಗಂಡ ಜಾನ್ ಓಲ್ಡೆನ್ ವಿಯೆನ್ನಾದಲ್ಲಿ ಹುಟ್ಟಿ, ಬ್ರಿಟನ್ನಿಗೆ ವಲಸೆ ಹೋಗಿ, ಯುದ್ಧ ಮುಗಿದಾಗ ರಂಗಭೂಮಿಯ ಮೇಲ್ವಿಚಾರಣೆ ನೋಡುವ ಬ್ರಿಟಿಷ್ ಅಧಿಕಾರಿಯಾಗಿ ಹ್ಯಾಂಬರ್ಗಿಗೆ ಬಂದವರು. ಆಮೇಲೆ ಟೆಲಿವಿಷನ್ ನಿರ್ದೇಶಕರಾದರು. ಇಬ್ಬರ ಮದುವೆ 1956ರಲ್ಲಿ. ಬ್ರಿಟನ್ನಿನ ದೊಡ್ಡ ರೈಲು ದರೋಡೆಯ ಕುರಿತ ಟೆಲಿವಿಷನ್ ಚಿತ್ರವನ್ನು ತೆಗೆಯುತ್ತಿರುವಾಗಲೇ, ಸೆಪ್ಟೆಂಬರಿನಲ್ಲಿ ಓಲ್ಡೆನ್ ತೀರಿಕೊಂಡರು. ಅದನ್ನು ಮುಗಿಸಿದವರು ಕ್ಲೌಸ್ ಪೀಟರ್ ವಿಟ್. ಮರುವರ್ಷದ ತಾಯಂದಿರ ದಿನಕ್ಕೆ ಮೈಸೆಲ್ ಅವರನ್ನು ನಿರ್ದೇಶಿಸಿದವರೂ ಅವರೇ. ಮೈಸೆಲ್ ಮತ್ತೆ ಮದುವೆಯಾಗಲಿಲ್ಲ.

ಒಂದೇ ಪಾತ್ರಕ್ಕೆ ಸಿಕ್ಕಿಬಿದ್ದ ನಟಿ ಎಂಬ ಮಾತು ಅವರ ಬಗ್ಗೆ ಇದೆ. ಅದಕ್ಕೆ ಉತ್ತರವಾಗಿ ತೋರಿಸಬಹುದಾದದ್ದು ಪೀಟರ್ ಬೋವೆ 1969ರಲ್ಲಿ ಟೆಲಿವಿಷನ್ನಿಗೆ ತಂದ ಗೆರ್ಹಾರ್ಟ್ ಹೌಪ್ಟ್‌ಮನ್ ಅವರ ನಾಟಕ ‘ಇಲಿಗಳು’. ಅದರಲ್ಲಿ ಮೈಸೆಲ್ ಫ್ರೌ ಯೋನ್. ಮಗುವನ್ನು ಕಳೆದುಕೊಂಡ ಈ ಹೆಂಗಸು ಒಬ್ಬ ಬಡ ಕೆಲಸದ ಹುಡುಗಿಯ ಕೂಸನ್ನು ತನ್ನದೆಂದು ಇಟ್ಟುಕೊಳ್ಳುತ್ತಾಳೆ, ಆ ಸುಳ್ಳಿನಿಂದ ಎಲ್ಲ ಕುಸಿಯುತ್ತದೆ. ತಾಯ್ತನದ ಹಸಿವು ಕೊಲೆಗೂ ಆತ್ಮಹತ್ಯೆಗೂ ಮುಟ್ಟುವ ನಾಟಕ. ಕೇಟೆ ಶೋಲ್ಟ್ಸ್ ಆಗಿ ಮನೆಮಾತಾಗಿದ್ದ ದಿನಗಳಲ್ಲೇ ಈ ಪಾತ್ರವನ್ನು ತೆಗೆದುಕೊಳ್ಳಲು ಎದೆಗಾರಿಕೆ ಬೇಕು. ಮೈಸೆಲ್ ಅವರ ಒಂದೇ ಕೆಲಸವನ್ನು ನೋಡಲು ಸಮಯವಿರುವವರಿಗೆ ನಾವು ಹೇಳುವುದು ಇದನ್ನೇ.

ಪರದೆಯ ಆಚೆ ಅವರು ಯಾರಿಗೂ ಅಂಜಿ ಮಾತಾಡಿದವರಲ್ಲ. 1972ರ ಚುನಾವಣೆಯಲ್ಲಿ ಆಗಿನ ಚಾನ್ಸಲರ್ ವಿಲ್ಲಿ ಬ್ರಾಂಟ್ ಪರವಾಗಿ ನಿಂತರು. 1978ರಲ್ಲಿ ಹೆಣ್ಣನ್ನು ಕೀಳಾಗಿ ತೋರಿಸುವ ಮುಖಪುಟಗಳ ವಿರುದ್ಧ ‘ಸ್ಟೆರ್ನ್’ ಪತ್ರಿಕೆಯ ಮೇಲೆ ಸ್ತ್ರೀವಾದಿ ಆಲಿಸ್ ಶ್ವಾರ್ಟ್ಸರ್ ಮುಂದಾಳುತನದಲ್ಲಿ ಹತ್ತು ಹೆಂಗಸರು ಹ್ಯಾಂಬರ್ಗ್ ನ್ಯಾಯಾಲಯಕ್ಕೆ ಹೋದರು, ಮೈಸೆಲ್ ಅವರಲ್ಲೊಬ್ಬರು. ದಾವೆ ಬಿದ್ದುಹೋಯಿತು. ಮಾನಹಾನಿಯ ಕಾನೂನು ಗುರುತಿಸುವುದು ಒಬ್ಬ ವ್ಯಕ್ತಿಯನ್ನು ಅಥವಾ ಎಣಿಸಬಹುದಾದ ಗುಂಪನ್ನು. ಹೆಂಗಸರೆಲ್ಲರ ಪರವಾಗಿ ಹತ್ತು ಜನ ದೂರು ಕೊಡಲು ಅದರಲ್ಲಿ ಅವಕಾಶವಿರಲಿಲ್ಲ. ವಾದ ಸರಿಯಿದೆ, ಕಾನೂನು ಸಾಲದು ಎಂಬ ಧಾಟಿಯಲ್ಲೇ ನ್ಯಾಯಾಧೀಶರು ಮಾತಾಡಿದರು. 1981ರಲ್ಲಿ ಸರ್ಕಾರ ಕೊಡಮಾಡಿದ ಗೌರವ ಪದಕವನ್ನು ಮೈಸೆಲ್ ಬೇಡವೆಂದರು. ಮರ್ಯಾದೆಯಿಂದ ಬಾಳಿದ್ದಕ್ಕೆ ಪದಕವೇಕೆ ಎಂಬುದು ಅವರ ಕಾರಣ. ಘನತೆಯಿಂದ ಸಾಯುವ ಹಕ್ಕಿಗಾಗಿ ದುಡಿಯುವ ಸಂಘದ ಸದಸ್ಯರೂ ಆಗಿದ್ದರು, ಅದನ್ನು ಬಹಿರಂಗವಾಗಿ ಹೇಳುತ್ತಿದ್ದರು.

1982ರಲ್ಲಿ, 72ನೆಯ ವಯಸ್ಸಿನಲ್ಲಿ, ಹೊಸ ಪಾತ್ರವೊಂದು ಸಿಕ್ಕಿತು: ಲಂಡನ್ನಿನ ಮನೆಗಳಲ್ಲಿ ನೆಲ ಒರೆಸಿ ದುಡ್ಡು ಕೂಡಿಟ್ಟು, ಪ್ಯಾರಿಸ್‌ಗೆ ಹೋಗಿ ಡಿಯೋರ್ ಅಂಗಡಿಯ ಉಡುಪು ಕೊಳ್ಳುವ ಮಿಸೆಸ್ ಹ್ಯಾರಿಸ್. 1991ರವರೆಗೆ ಆ ಪಾತ್ರದ ಹಲವು ಚಿತ್ರಗಳು ಬಂದವು. ಇಲ್ಲಿ ಮಕ್ಕಳಿಗಾಗಿ ಸವೆಯುವುದಿಲ್ಲ ಈ ಹೆಂಗಸು, ತನಗೇ ಒಂದು ಬೇಕೆಂದು ಹೊರಡುತ್ತಾಳೆ. ಮೈಸೆಲ್ ಅದನ್ನು ಆಡಿದ ರೀತಿಯಲ್ಲಿ ಒಂದು ಹಗುರವಿದೆ, ಕೇಟೆ ಶೋಲ್ಟ್ಸ್‌ಗೆ ಎಂದೂ ಸಿಗದ ಹಗುರ.

ತೊಂಬತ್ತು ದಾಟಿದ ಮೇಲೂ ಕೆಲಸ ಬಿಡಲಿಲ್ಲ. ಕೊನೆಯ ಪಾತ್ರ ‘ಪೊಲಿಝೈರೂಫ್ 110’ ಎಂಬ ಪತ್ತೇದಾರಿ ಸರಣಿಯ ಒಂದು ಕಂತಿನಲ್ಲಿ, 2004ರಲ್ಲಿ. ಅದೇ ವರ್ಷ ಜುಲೈಯಲ್ಲಿ, ಹ್ಯಾಂಬರ್ಗಿನ ಹೊರವಲಯದಲ್ಲಿ ಎಲ್ಬೆ ನದಿಯ ಬಳಿಯ ಬುಲೆನ್‌ಹೌಸೆನ್‌ನಲ್ಲಿದ್ದ ತಮ್ಮ ಮನೆಯಲ್ಲಿ ತೀರಿಕೊಂಡರು. ಓಲ್ಸ್‌ಡೋರ್ಫ್ ಸ್ಮಶಾನದಲ್ಲಿ, ಜಾನ್ ಓಲ್ಡೆನ್ ಅವರ ಸಮಾಧಿಯಲ್ಲೇ ಅವರನ್ನೂ ಇಟ್ಟರು.